ರಿಬೌಂಡ್‌ಗಳ ನಾಯಕನನ್ನು ಬಿಟ್ಟುಕೊಟ್ಟು ಇಂಡಿಯಾನಾ ಪಡೆದದ್ದೇನು? ಸಬೋನಿಸ್–ಹ್ಯಾಲಿಬರ್ಟನ್ ವಿನಿಮಯದ ಪ್ರಕರಣ ಅಧ್ಯಯನ

2022ರ ಫೆಬ್ರುವರಿ 8ರಂದು, ಆಟಗಾರರ ವಿನಿಮಯದ ಗಡುವಿಗೆ ಇನ್ನೆರಡು ದಿನಗಳಿರುವಾಗ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಇಂಡಿಯಾನಾ ಪೇಸರ್ಸ್ ತಂಡವು ಡೊಮಾಂಟಾಸ್ ಸಬೋನಿಸ್ ಅವರನ್ನು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಆಗ ಸಬೋನಿಸ್ ಅವರಿಗೆ 25 ವರ್ಷ. ಎರಡು ಬಾರಿ ಲೀಗಿನ ಶ್ರೇಷ್ಠರ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾಗಿದ್ದ ಅವರು ಆ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 18.9 ಅಂಕ, 12.1 ರಿಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು) ಮತ್ತು 5 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಮಾಡುವ ಪಾಸ್) ದಾಖಲಿಸುತ್ತಿದ್ದರು. ಅವರೊಂದಿಗೆ ಜೆರೆಮಿ ಲ್ಯಾಂಬ್, ಜಸ್ಟಿನ್ ಹಾಲಿಡೇ ಹಾಗೂ ಮುಂದಿನ ವರ್ಷದ ಒಂದು ಎರಡನೇ ಸುತ್ತಿನ ಡ್ರಾಫ್ಟ್ ಆಯ್ಕೆಯೂ (ಲೀಗಿಗೆ ಬರುವ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಹಕ್ಕು) ಹೋಯಿತು. ಬದಲಿಗೆ ಬಂದವರು ಟೈರೀಸ್ ಹ್ಯಾಲಿಬರ್ಟನ್, ಬಡ್ಡಿ ಹೀಲ್ಡ್ ಮತ್ತು ಟ್ರಿಸ್ಟನ್ ಥಾಂಪ್ಸನ್. ಹ್ಯಾಲಿಬರ್ಟನ್ ಅವರಿಗೆ ಇನ್ನೂ 22 ತುಂಬಿರಲಿಲ್ಲ. 2020ರ ಡ್ರಾಫ್ಟ್‌ನಲ್ಲಿ 12ನೆಯವರಾಗಿ ಆಯ್ಕೆಯಾಗಿದ್ದ ಅವರು ಲೀಗಿನಲ್ಲಿ ಎರಡನೇ ವರ್ಷವನ್ನಷ್ಟೇ ಆಡುತ್ತಿದ್ದರು.

ತಂಡದ ಅತಿ ದೊಡ್ಡ ರಿಬೌಂಡರ್‌ನನ್ನು ಕೊಟ್ಟು ತಂಡವನ್ನು ಉತ್ತಮಪಡಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಪರೀಕ್ಷಿಸಲು ಇದಕ್ಕಿಂತ ಸೂಕ್ತವಾದ ಪ್ರಕರಣ ಇತ್ತೀಚಿನ ವರ್ಷಗಳಲ್ಲಿ ನನಗೆ ಕಂಡಿಲ್ಲ. ಎರಡೂ ತಂಡಗಳು ತಮಗೆ ಬೇಕಾದದ್ದನ್ನು ತಿಳಿದೇ ಕೊಂಡವು, ಎರಡೂ ಮುಂದಿನ ಒಂದೆರಡು ವರ್ಷಗಳಲ್ಲಿ ಮೇಲೇರಿದವು, ಫಲಿತಾಂಶವನ್ನು ಅಳೆಯಲು ಸಾಕಷ್ಟು ಪಂದ್ಯಗಳೂ ನಡೆದಿವೆ. ಭಾರತದ ಓದುಗರಿಗೆ ಇನ್ನೊಂದು ನಂಟೂ ಇದೆ. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈನ ಎನ್‌ಎಸ್‌ಸಿಐ ಡೋಮ್‌ನಲ್ಲಿ ನಡೆದ ಎನ್‌ಬಿಎಯ ಮೊದಲ ಭಾರತೀಯ ಪಂದ್ಯಗಳಲ್ಲಿ ಎದುರುಬದುರಾದದ್ದು ಇದೇ ಎರಡು ತಂಡಗಳು. ಮೊದಲ ಪಂದ್ಯವನ್ನು ಪೇಸರ್ಸ್ ಹೆಚ್ಚುವರಿ ಅವಧಿಯಲ್ಲಿ 132–131ರಿಂದ, ಎರಡನೆಯದನ್ನು 130–106ರಿಂದ ಗೆದ್ದುಕೊಂಡಿತು. ಕಿಂಗ್ಸ್ ತಂಡದ ಒಡೆತನದ ಚುಕ್ಕಾಣಿ ಹಿಡಿದಿರುವ ವಿವೇಕ್ ರಣದಿವೆ ಹುಟ್ಟಿ ಬೆಳೆದದ್ದೂ ಮುಂಬೈಯಲ್ಲೇ.

ಹನ್ನೆರಡು ರಿಬೌಂಡ್‌ಗಳ ನಿಜವಾದ ಬೆಲೆ

ಪಂದ್ಯಕ್ಕೆ 12 ರಿಬೌಂಡ್ ಹಿಡಿಯುವ ಆಟಗಾರ ಹೊರಟುಹೋದರೆ ತಂಡಕ್ಕೆ ಪಂದ್ಯಕ್ಕೆ 12 ರಿಬೌಂಡ್ ಕಡಿಮೆಯಾಗುತ್ತದೆ ಎಂದುಕೊಳ್ಳುವುದು ಸಹಜ. ಆದರೆ ಈ ಲೆಕ್ಕ ತಪ್ಪು. ಗುರಿ ತಪ್ಪಿದ ಪ್ರತಿಯೊಂದು ಎಸೆತದ ನಂತರ ಚೆಂಡು ಯಾರಾದರೊಬ್ಬರ ಕೈಸೇರಲೇಬೇಕು, ಮತ್ತು ಎನ್‌ಬಿಎಯಲ್ಲಿ ಹೀಗೆ ತಪ್ಪಿದ ಎಸೆತಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ರಕ್ಷಣೆಯಲ್ಲಿರುವ ತಂಡಕ್ಕೇ ದಕ್ಕುತ್ತವೆ. ರಕ್ಷಿಸುವವರು ರಿಂಗ್ ಮತ್ತು ಎದುರಾಳಿಯ ನಡುವೆ ಮೊದಲೇ ನಿಂತಿರುತ್ತಾರೆ. ದಾಳಿ ಮಾಡುವವರಲ್ಲಿ ಇಬ್ಬರೋ ಮೂವರೋ ಚೆಂಡು ಗಾಳಿಯಲ್ಲಿರುವಾಗಲೇ ತಮ್ಮ ಅರ್ಧ ಅಂಕಣದತ್ತ ಹಿಂದಿರುಗಲು ತೊಡಗಿರುತ್ತಾರೆ. ಇಂತಹ ಚೆಂಡನ್ನು ರಿಂಗ್ ಬಳಿ ಆಡುವ ಎತ್ತರದ ಸೆಂಟರ್ ಹಿಡಿಯದಿದ್ದರೆ ಪಕ್ಕದಲ್ಲಿರುವ ಫಾರ್ವರ್ಡ್ ಹಿಡಿಯುತ್ತಾನೆ, ಅವನೂ ಹಿಡಿಯದಿದ್ದರೆ ಹೊರಗಿನಿಂದ ಚೆಂಡು ನಡೆಸುವ ಗಾರ್ಡ್ ಹಿಡಿಯುತ್ತಾನೆ. ಹಿಡಿದವನ ಹೆಸರಿನ ಮುಂದೆ ಒಂದು ಗೆರೆ ಬೀಳುತ್ತದೆ, ತಂಡದ ಮೊತ್ತ ಮಾತ್ರ ಅಷ್ಟೇ ಇರುತ್ತದೆ.

ಇದಕ್ಕೆ ಸಬೋನಿಸ್ ಅವರ ವೃತ್ತಿಜೀವನದ ಮೊದಲ ವರ್ಷವೇ ಸಾಕ್ಷಿ. 2016–17ರಲ್ಲಿ ಅವರು ಒಕ್ಲಹೋಮಾ ಸಿಟಿ ಥಂಡರ್ ತಂಡದಲ್ಲಿದ್ದರು. ಬಹುತೇಕ ಪಂದ್ಯಗಳನ್ನು ಆರಂಭಿಕ ಐವರಲ್ಲಿ ಒಬ್ಬರಾಗಿ ಆಡಿದರೂ, ಅಂಕಣದಲ್ಲಿ ಸರಾಸರಿ 20 ನಿಮಿಷ ಕಳೆದರೂ, ಅವರು ಹಿಡಿದದ್ದು ಪಂದ್ಯಕ್ಕೆ 3.6 ರಿಬೌಂಡ್ ಮಾತ್ರ. ಅದೇ ತಂಡದ ಪಾಯಿಂಟ್ ಗಾರ್ಡ್ ರಸೆಲ್ ವೆಸ್ಟ್‌ಬ್ರೂಕ್ ಆ ವರ್ಷ ಪಂದ್ಯಕ್ಕೆ 10.7 ರಿಬೌಂಡ್ ಹಿಡಿದು, 42 ಟ್ರಿಪಲ್ ಡಬಲ್‌ಗಳ (ಒಂದೇ ಪಂದ್ಯದಲ್ಲಿ ಅಂಕ, ರಿಬೌಂಡ್, ಅಸಿಸ್ಟ್‌ನಂಥ ಮೂರು ಎಣಿಕೆಗಳಲ್ಲಿ ಹತ್ತು ಅಥವಾ ಹೆಚ್ಚು) ದಾಖಲೆ ಬರೆದರು. ಸೆಂಟರ್ ಸ್ಟೀವನ್ ಆಡಮ್ಸ್ ಎದುರಾಳಿಯ ದೊಡ್ಡ ಆಟಗಾರನನ್ನು ಬೆನ್ನಿನಿಂದ ತಡೆದು ನಿಲ್ಲಿಸುತ್ತಿದ್ದರು, ಅಂದರೆ ಬಾಕ್ಸ್ ಔಟ್ ಮಾಡುತ್ತಿದ್ದರು; ತೆರವಾದ ಜಾಗಕ್ಕೆ ವೆಸ್ಟ್‌ಬ್ರೂಕ್ ಓಡಿಬಂದು ಚೆಂಡು ಹಿಡಿದು ಅಲ್ಲಿಂದಲೇ ದಾಳಿ ಆರಂಭಿಸುತ್ತಿದ್ದರು. ಸಬೋನಿಸ್ ಅವರನ್ನು ದಾಳಿಯ ವೇಳೆ ಹೊರಗೆ, ಮೂರು ಅಂಕದ ಗೆರೆಯ ಬಳಿ ನಿಲ್ಲಿಸಲಾಗುತ್ತಿತ್ತು. ಮುಂದೆ ಇಡೀ ಲೀಗಿನ ರಿಬೌಂಡ್ ಪಟ್ಟಿಯಲ್ಲಿ ಸತತ ಮೂರು ವರ್ಷ ಮೊದಲಿಗರಾದ ವ್ಯಕ್ತಿ ಅದೇ ಕೈ, ಅದೇ ಎತ್ತರ, ಅದೇ ಬುದ್ಧಿಯೊಂದಿಗೆ ಅಂದು ನಾಲ್ಕು ರಿಬೌಂಡ್‌ಗಳನ್ನೂ ಮುಟ್ಟಲಿಲ್ಲ. ರಿಬೌಂಡ್ ಸಂಖ್ಯೆಯಲ್ಲಿ ಆಟಗಾರನ ಸಾಮರ್ಥ್ಯ ಎಷ್ಟಿದೆಯೋ ತಂಡ ಅವನಿಗೆ ವಹಿಸಿದ ಕೆಲಸವೂ ಅಷ್ಟೇ ಇದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ಸಿಗುವುದು ಕಷ್ಟ.

ಆದರೂ ಇದನ್ನು ಅತಿಗೆ ಒಯ್ಯಬಾರದು. ಸ್ವಂತ ತಂಡದವರು ತಪ್ಪಿದ ಎಸೆತವನ್ನು ಎದುರಾಳಿಗಳ ನಡುವಿನಿಂದ ಕಿತ್ತುಕೊಳ್ಳುವ ದಾಳಿ ರಿಬೌಂಡ್ ಬೇರೆಯೇ ಮಾತು. ಅದು ಎದುರಾಳಿಗೆ ಸಲ್ಲಬೇಕಾಗಿದ್ದ ಚೆಂಡನ್ನು ಮತ್ತೆ ತಮ್ಮದಾಗಿಸಿಕೊಳ್ಳುವ ಕೆಲಸ, ಆದ್ದರಿಂದ ಅದರ ಲಾಭ ಇಡಿಯಾಗಿ ತಂಡಕ್ಕೇ ಸೇರುತ್ತದೆ. ರಕ್ಷಣೆಯಲ್ಲಿಯೂ ನಾಲ್ಕಾರು ಕೈಗಳು ಒಟ್ಟಿಗೆ ಮೇಲೇಳುವ ಕ್ಷಣಗಳಿರುತ್ತವೆ. ಅಂಥಲ್ಲಿ ಚೆಂಡನ್ನು ತನ್ನದಾಗಿಸಿಕೊಳ್ಳಬಲ್ಲವನು ಇಲ್ಲದ ತಂಡ ಬೆಲೆ ತೆತ್ತೇ ತೆರುತ್ತದೆ. ಪೇಸರ್ಸ್ ಕೂಡ ತೆತ್ತಿತು.

ಇಬ್ಬರು ಸೆಂಟರ್‌ಗಳ ಇಕ್ಕಟ್ಟು

ಸಬೋನಿಸ್ ಇಂಡಿಯಾನಾಕ್ಕೆ ಬಂದದ್ದೂ ಒಂದು ದೊಡ್ಡ ವಿನಿಮಯದಲ್ಲೇ. 2017ರ ಬೇಸಿಗೆಯಲ್ಲಿ ಪಾಲ್ ಜಾರ್ಜ್ ಅವರನ್ನು ಒಕ್ಲಹೋಮಾಕ್ಕೆ ಕೊಟ್ಟ ಪೇಸರ್ಸ್ ತಂಡಕ್ಕೆ ವಿಕ್ಟರ್ ಒಲಾಡಿಪೊ ಅವರೊಂದಿಗೆ ಸಬೋನಿಸ್ ಸಿಕ್ಕರು. ಆಗ ತಂಡದಲ್ಲಿ ಮೈಲ್ಸ್ ಟರ್ನರ್ ಎಂಬ ಸೆಂಟರ್ ಆಗಲೇ ಬೇರೂರಿದ್ದರು. ಟರ್ನರ್ ಎದುರಾಳಿಗಳ ಎಸೆತಗಳನ್ನು ರಿಂಗ್ ಬಳಿ ತಡೆಯುವುದರಲ್ಲಿ ಲೀಗಿನ ಅತ್ಯುತ್ತಮರಲ್ಲೊಬ್ಬರು. 2018–19 ಮತ್ತು 2020–21ರಲ್ಲಿ ಬ್ಲಾಕ್‌ಗಳ ಸರಾಸರಿಯಲ್ಲಿ ಅವರೇ ಮೊದಲಿಗರು. ಸಬೋನಿಸ್ ಮೊದಲು ಬೆಂಚಿನಿಂದ ಬಂದು ಆಡುತ್ತಿದ್ದರು. 2019–20ರಿಂದ ಇಬ್ಬರೂ ಒಟ್ಟಿಗೆ ಆರಂಭಿಕ ಐವರಲ್ಲಿ ನಿಂತರು.

ಕಾಗದದ ಮೇಲೆ ಈ ಜೋಡಿ ಸೊಗಸಾಗಿ ಕಾಣುತ್ತಿತ್ತು, ಏಕೆಂದರೆ ಒಬ್ಬರು ಎಸೆತ ತಡೆಯುವವರು, ಇನ್ನೊಬ್ಬರು ರಿಬೌಂಡ್ ಹಿಡಿದು ಚೆಂಡು ಹಂಚುವವರು. ಅಂಕಣದಲ್ಲಿ ಮಾತ್ರ ಇಬ್ಬರಿಗೂ ಬೇಕಾದ ಜಾಗ ಒಂದೇ ಆಗಿತ್ತು. ದಾಳಿಯಲ್ಲಿ ಸಬೋನಿಸ್ ಫ್ರೀ ಥ್ರೋ ಗೆರೆಯ ಸುತ್ತಮುತ್ತ ಚೆಂಡು ಹಿಡಿದು, ಓಡಿಬರುವ ಗಾರ್ಡ್‌ಗಳಿಗೆ ಕೈಗಿತ್ತು, ಸ್ಕ್ರೀನ್ ಹಾಕಿ (ಎದುರಾಳಿಯ ದಾರಿಗೆ ಅಡ್ಡ ನಿಂತು), ರಿಂಗ್ ಕಡೆಗೆ ನುಗ್ಗಿ ಅಂಕ ಗಳಿಸುವವರು. ಅವರ ಆಟದ ಹೂರಣವೇ ಅದು. ಆಗ ಟರ್ನರ್ ಮೂಲೆಯಲ್ಲಿ ನಿಂತು ಮೂರು ಅಂಕದ ಎಸೆತಕ್ಕಾಗಿ ಕಾಯಬೇಕಿತ್ತು. ರಕ್ಷಣೆಯಲ್ಲಿ ಟರ್ನರ್ ರಿಂಗ್ ಕಾಯಬೇಕಾದ್ದರಿಂದ ಸಬೋನಿಸ್ ತಮಗಿಂತ ಚುರುಕಾದ ಫಾರ್ವರ್ಡ್‌ಗಳ ಬೆನ್ನು ಹತ್ತಿ ಹೊರಗೆ ಅಲೆಯಬೇಕಿತ್ತು. ಹೀಗೆ ಪ್ರತಿ ಕ್ಷಣವೂ ಇಬ್ಬರಲ್ಲೊಬ್ಬರು ತಮಗೆ ಒಗ್ಗದ ಕೆಲಸದಲ್ಲಿರುತ್ತಿದ್ದರು.

ತಂಡ ಕೆಟ್ಟದ್ದೇನೂ ಆಗಿರಲಿಲ್ಲ. 2019–20ರಲ್ಲಿ ಅದು 45 ಪಂದ್ಯ ಗೆದ್ದು 28ರಲ್ಲಿ ಸೋತಿತು. ಆದರೆ 2018ರಿಂದ 2020ರವರೆಗೆ ಮೂರು ವರ್ಷವೂ ಋತುವಿನ ಕೊನೆಯಲ್ಲಿ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು, ಅದರಲ್ಲೂ ಕೊನೆಯ ಎರಡು ಬಾರಿ ಒಂದೂ ಪಂದ್ಯ ಗೆಲ್ಲದೆ. 2020ರ ಸರಣಿಯಲ್ಲಿ ಸಬೋನಿಸ್ ಪಾದದ ನೋವಿನಿಂದ ಆಡಿರಲಿಲ್ಲ ಎಂಬುದನ್ನು ಇಲ್ಲಿ ನ್ಯಾಯವಾಗಿ ಸೇರಿಸಬೇಕು. 2020–21ರಲ್ಲಿ ಅವರ ವೈಯಕ್ತಿಕ ಸರಾಸರಿ 20.3 ಅಂಕ, 12 ರಿಬೌಂಡ್, 6.7 ಅಸಿಸ್ಟ್‌ಗೆ ಏರಿದಾಗ ತಂಡ 34–38ಕ್ಕೆ ಇಳಿದಿತ್ತು. ರಿಕ್ ಕಾರ್ಲೈಲ್ ಕೋಚ್ ಆಗಿ ಮರಳಿದ 2021–22ರಲ್ಲಂತೂ ಫೆಬ್ರುವರಿ ಹೊತ್ತಿಗೆ ಸೋಲುಗಳು ಗೆಲುವುಗಳ ಇಮ್ಮಡಿಯ ಹತ್ತಿರ ಬಂದಿದ್ದವು. ತಂಡದ ಅತ್ಯುತ್ತಮ ಆಟಗಾರ ವರ್ಷದಿಂದ ವರ್ಷಕ್ಕೆ ಹೆಚ್ಚು ಪಕ್ವವಾಗುತ್ತಿದ್ದಾಗಲೇ ತಂಡ ಕುಸಿಯುತ್ತಿತ್ತೆಂದರೆ ಆಡಳಿತ ಮಂಡಳಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ. ಅಧ್ಯಕ್ಷ ಕೆವಿನ್ ಪ್ರಿಚರ್ಡ್ ಮತ್ತು ಜನರಲ್ ಮ್ಯಾನೇಜರ್ ಚಾಡ್ ಬ್ಯುಕ್ಯಾನನ್ ಮೊದಲು ಕ್ಯಾರಿಸ್ ಲೆವರ್ಟ್ ಅವರನ್ನು ಕ್ಲೀವ್‌ಲ್ಯಾಂಡಿಗೆ ಕೊಟ್ಟರು. ಎರಡು ದಿನಗಳ ನಂತರ ಸಬೋನಿಸ್ ಸರದಿ ಬಂತು.

ಇಲ್ಲಿ ವೇತನದ ನಿಯಮವನ್ನೂ ಗಮನಿಸಬೇಕು. ವೇತನ ಮಿತಿಯನ್ನು ಮೀರಿದ ತಂಡಗಳು ಆಟಗಾರರನ್ನು ವಿನಿಮಯ ಮಾಡಿಕೊಳ್ಳುವಾಗ ಎರಡೂ ಕಡೆಯ ಸಂಬಳದ ಮೊತ್ತ ಹೆಚ್ಚುಕಡಿಮೆ ಹೊಂದಿಕೆಯಾಗಬೇಕು. ಹ್ಯಾಲಿಬರ್ಟನ್ ಡ್ರಾಫ್ಟ್ ಆದವರ ಮೊದಲ ಒಪ್ಪಂದದಲ್ಲಿದ್ದರು, ಆದ್ದರಿಂದ ಅವರ ಸಂಬಳ ಆಲ್‌ಸ್ಟಾರ್ ಒಬ್ಬರ ಸಂಬಳಕ್ಕೆ ಹೋಲಿಸಿದರೆ ಬಹಳ ಕಡಿಮೆ. ಹೀಲ್ಡ್ ಮತ್ತು ಥಾಂಪ್ಸನ್ ಇದರಲ್ಲಿ ಸೇರಿದ್ದು ಬಹುಮಟ್ಟಿಗೆ ಈ ಲೆಕ್ಕ ಸರಿದೂಗಿಸುವುದಕ್ಕಾಗಿ. ಹೀಲ್ಡ್ ಅವರಂಥ ಮೂರು ಅಂಕದ ನುರಿತ ಎಸೆತಗಾರ ಸಿಕ್ಕಿದ್ದು ಇಂಡಿಯಾನಾಕ್ಕೆ ಮೇಲಿನ ಲಾಭ.

ಕೊಟ್ಟ ನಂತರದ ಇಂಡಿಯಾನಾ

ವಿನಿಮಯವಾದ ತಕ್ಷಣ ಏನೂ ಸರಿಹೋಗಲಿಲ್ಲ. ಆ ಋತುವನ್ನು ಪೇಸರ್ಸ್ 25 ಗೆಲುವು, 57 ಸೋಲುಗಳೊಂದಿಗೆ ಮುಗಿಸಿತು. ಮುಂದಿನ ವರ್ಷ 35–47. ಆ ವರ್ಷದ ಜನವರಿಯಲ್ಲಿ ಹ್ಯಾಲಿಬರ್ಟನ್ ಗಾಯಗೊಂಡು ಹೊರಗುಳಿಯುವವರೆಗೆ ತಂಡ ಸೋತದ್ದಕ್ಕಿಂತ ಹೆಚ್ಚು ಗೆದ್ದಿತ್ತು, ಅವರಿಲ್ಲದ ವಾರಗಳಲ್ಲಿ ಸಾಲುಸಾಲಾಗಿ ಸೋತಿತು. 2023–24ರಲ್ಲಿ 47–35, ಪೂರ್ವ ವಲಯದ ಫೈನಲ್. 2024–25ರಲ್ಲಿ 50–32, ಮತ್ತು 2000ದ ನಂತರ ಮೊದಲ ಬಾರಿಗೆ ಎನ್‌ಬಿಎ ಫೈನಲ್. ಅಲ್ಲಿ ಒಕ್ಲಹೋಮಾ ಸಿಟಿ ವಿರುದ್ಧ ಏಳನೇ ಪಂದ್ಯದವರೆಗೆ ಹೋರಾಟ.

ಈ ಏರಿಕೆಯ ಯಾವ ಹಂತದಲ್ಲೂ ಪೇಸರ್ಸ್ ಉತ್ತಮ ರಿಬೌಂಡಿಂಗ್ ತಂಡವಾಗಿರಲಿಲ್ಲ. ಪಂದ್ಯವೊಂದರ ರಿಬೌಂಡ್‌ಗಳ ಪಟ್ಟಿಯಲ್ಲಿ ಅದು ತಳಭಾಗದಲ್ಲೇ ಉಳಿದಿತ್ತು. ಬದಲಾದದ್ದು ಬೇರೆ. ಸೆಂಟರ್ ಸ್ಥಾನ ಟರ್ನರ್ ಒಬ್ಬರದೇ ಆಯಿತು. ಅವರು ಮೂರು ಅಂಕದ ಗೆರೆಯಿಂದ ಎಸೆಯಬಲ್ಲವರಾದ್ದರಿಂದ ಎದುರಾಳಿಯ ಸೆಂಟರ್ ಅವರನ್ನು ಹಿಂಬಾಲಿಸಿ ರಿಂಗ್ ಬಿಟ್ಟು ಹೊರಬರಬೇಕಾಯಿತು. ಹಾಗೆ ತೆರವಾದ ಒಳಾಂಗಣಕ್ಕೆ ಹ್ಯಾಲಿಬರ್ಟನ್ ಚೆಂಡು ಕಳಿಸುತ್ತಿದ್ದರು. ಅವರು ಎತ್ತರದ ಪಾಯಿಂಟ್ ಗಾರ್ಡ್. ಚೆಂಡನ್ನು ಕೈಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳದೆ, ರಿಬೌಂಡ್ ಯಾರು ಹಿಡಿದರೂ ಅವರಿಂದ ಪಡೆದು ಅರ್ಧ ಅಂಕಣ ದಾಟುವ ಮೊದಲೇ ಮುಂದೆ ಓಡುತ್ತಿರುವವನಿಗೆ ಎಸೆಯುವ ಅಭ್ಯಾಸ ಅವರದು. 2023–24ರಲ್ಲಿ ಪಂದ್ಯಕ್ಕೆ 10.9 ಅಸಿಸ್ಟ್‌ಗಳೊಂದಿಗೆ ಅವರು ಲೀಗಿನ ಮೊದಲಿಗರಾದರು. ತಂಡ ಪಂದ್ಯಕ್ಕೆ ಸರಾಸರಿ 123.3 ಅಂಕ ಗಳಿಸಿ ಆ ಪಟ್ಟಿಯಲ್ಲೂ ಮೊದಲ ಸ್ಥಾನ ಪಡೆಯಿತು. ರಿಬೌಂಡ್ ಹಿಡಿದ ಸೆಂಟರ್‌ನ ಸುತ್ತ ನಿಧಾನವಾಗಿ ಕಟ್ಟುವ ದಾಳಿಯ ಜಾಗಕ್ಕೆ, ಚೆಂಡು ಸಿಕ್ಕ ಮರುಕ್ಷಣವೇ ಐವರೂ ಓಡುವ ದಾಳಿ ಬಂತು.

ತಂಡದ ಉಳಿದ ಭಾಗವನ್ನು ಕಟ್ಟಿದ್ದು ಈ ಒಂದೇ ವಿನಿಮಯವಲ್ಲ. ಸೋಲಿನ ವರ್ಷದ ಫಲವಾಗಿ 2022ರ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ಬೆನೆಡಿಕ್ಟ್ ಮ್ಯಾಥುರಿನ್ ಸಿಕ್ಕರು, 31ನೆಯವರಾಗಿ ಆಂಡ್ರ್ಯೂ ನೆಂಬಾರ್ಡ್ ಬಂದರು. ಮಾಲ್ಕಮ್ ಬ್ರಾಗ್ಡನ್ ಅವರನ್ನು ಬಾಸ್ಟನ್‌ಗೆ ಕೊಟ್ಟಾಗ ಆರನ್ ನೆಸ್ಮಿತ್ ದೊರೆತರು. ಎಲ್ಲಕ್ಕಿಂತ ಮುಖ್ಯವಾಗಿ 2024ರ ಜನವರಿಯಲ್ಲಿ ಪ್ಯಾಸ್ಕಲ್ ಸಿಯಾಕಮ್ ಟೊರಾಂಟೊದಿಂದ ಬಂದರು. ಹ್ಯಾಲಿಬರ್ಟನ್ ಇಲ್ಲದಿದ್ದರೆ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತು ಸಿಯಾಕಮ್ ಅವರನ್ನು ತರುವ ಧೈರ್ಯವನ್ನು ಇಂಡಿಯಾನಾ ಮಾಡುತ್ತಿತ್ತೆಂದು ನನಗನ್ನಿಸುವುದಿಲ್ಲ. ಆ ಅರ್ಥದಲ್ಲಿ ಎರಡನೆಯ ವಿನಿಮಯವೂ ಮೊದಲನೆಯದರ ಫಲವೇ.

ಇನ್ನು ರಿಬೌಂಡ್‌ಗಾಗಿ ತೆತ್ತ ಬೆಲೆ. 2024ರ ಪೂರ್ವ ವಲಯದ ಸೆಮಿಫೈನಲ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಐದನೇ ಪಂದ್ಯವನ್ನು ನೋಡಿದವರಿಗೆ ಈ ಬೆಲೆಯ ಬಗ್ಗೆ ಸಂದೇಹ ಉಳಿಯುವುದಿಲ್ಲ. ನಿಕ್ಸ್ ಒಟ್ಟು 53 ರಿಬೌಂಡ್ ಹಿಡಿದರೆ ಪೇಸರ್ಸ್ ಹಿಡಿದದ್ದು 29. ದಾಳಿ ರಿಬೌಂಡ್‌ಗಳಲ್ಲಿ ಅಂತರ 20–5. ನಿಕ್ಸ್ ಸೆಂಟರ್ ಐಸಯಾ ಹಾರ್ಟನ್‌ಸ್ಟೈನ್ ಒಬ್ಬರೇ 12 ದಾಳಿ ರಿಬೌಂಡ್ ಕಿತ್ತುಕೊಂಡರು, ಅಂದರೆ ಇಡೀ ಪೇಸರ್ಸ್ ತಂಡದ ಇಮ್ಮಡಿಗಿಂತ ಹೆಚ್ಚು. ನಿಕ್ಸ್ ಎಸೆಯುತ್ತಿದ್ದರು, ತಪ್ಪುತ್ತಿದ್ದರು, ಟರ್ನರ್ ಎಸೆತ ತಡೆಯಲು ಮುಂದೆ ಬಂದಿರುತ್ತಿದ್ದರಿಂದ ಅವರ ಹಿಂದೆ ಹಾರ್ಟನ್‌ಸ್ಟೈನ್‌ಗೆ ದಾರಿ ತೆರೆದಿರುತ್ತಿತ್ತು, ಚೆಂಡು ಮತ್ತೆ ಹೊರಗೆ ಹೋಗಿ ಇನ್ನೊಂದು ಎಸೆತಕ್ಕೆ ಸಿದ್ಧವಾಗುತ್ತಿತ್ತು. ಪೇಸರ್ಸ್ 121–91ರಿಂದ ಸೋತಿತು. ಸಬೋನಿಸ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆ ರಾತ್ರಿ ಯಾರಾದರೂ ಹೇಳಿದ್ದರೆ ಅದನ್ನು ತಳ್ಳಿಹಾಕಲು ಆಧಾರವಿರಲಿಲ್ಲ.

ಆದರೆ ಸರಣಿ ಅಲ್ಲಿಗೆ ಮುಗಿಯಲಿಲ್ಲ. ಆರನೇ ಪಂದ್ಯವನ್ನು ಪೇಸರ್ಸ್ 116–103ರಿಂದ ಗೆದ್ದಿತು. ಮೇ 19ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಏಳನೇ ಪಂದ್ಯದಲ್ಲಿ ತನ್ನ ಎಸೆತಗಳಲ್ಲಿ ಶೇ. 67ರಷ್ಟನ್ನು ರಿಂಗ್ ಒಳಗೆ ಹಾಕಿ 130–109ರಿಂದ ಗೆದ್ದು, ಎದುರಾಳಿಯ ಮನೆಯಂಗಳದಲ್ಲೇ ಸರಣಿಯನ್ನು ತನ್ನದಾಗಿಸಿಕೊಂಡಿತು. ಮೂರರಲ್ಲಿ ಎರಡು ಎಸೆತ ಗುರಿ ಮುಟ್ಟುವ ತಂಡಕ್ಕೆ ದಾಳಿ ರಿಬೌಂಡ್ ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ಎದುರಾಳಿಗೆ ರಕ್ಷಣಾ ರಿಬೌಂಡ್ ಹಿಡಿದು ಓಡುವ ಅವಕಾಶವೂ ಸಿಗುವುದಿಲ್ಲ. ನಿಕ್ಸ್ ತಂಡದಲ್ಲಿ ಆ ಹೊತ್ತಿಗೆ ಗಾಯಾಳುಗಳ ಸಾಲೇ ಇತ್ತೆಂಬುದು ನಿಜ. ಹಾಗಿದ್ದರೂ ಪೇಸರ್ಸ್ ಕೊಟ್ಟದ್ದರ ಮತ್ತು ಪಡೆದದ್ದರ ನಡುವಿನ ವ್ಯತ್ಯಾಸ ಈ ಒಂದೇ ವಾರದ ಮೂರು ಪಂದ್ಯಗಳಲ್ಲಿ ಎದ್ದು ಕಾಣುತ್ತದೆ.

2025ರ ಮೇ 6ರ ರಾತ್ರಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದದ್ದನ್ನೂ ಇಲ್ಲೇ ಹೇಳಬೇಕು. 64 ಪಂದ್ಯ ಗೆದ್ದು ಪೂರ್ವ ವಲಯದ ಅಗ್ರಸ್ಥಾನದಲ್ಲಿದ್ದ ಕ್ಯಾವಲಿಯರ್ಸ್, ಕೆಲವು ಪ್ರಮುಖರು ಗಾಯದಿಂದ ಹೊರಗಿದ್ದರೂ, ವಲಯದ ಸೆಮಿಫೈನಲ್ ಸರಣಿಯ ಎರಡನೇ ಪಂದ್ಯದ ಕೊನೆಯ ನಿಮಿಷದಲ್ಲಿ ಏಳು ಅಂಕ ಮುಂದಿತ್ತು. ಅಂತರ ಮೂರಕ್ಕಿಳಿದಾಗ, ಇನ್ನು ಹನ್ನೆರಡು ಸೆಕೆಂಡುಗಳಷ್ಟೇ ಉಳಿದಿರುವಾಗ, ಹ್ಯಾಲಿಬರ್ಟನ್ ಅವರಿಗೆ ಎರಡು ಫ್ರೀ ಥ್ರೋಗಳು ಸಿಕ್ಕವು. ಮೊದಲನೆಯದು ಒಳಗೆ ಹೋಯಿತು, ಎರಡನೆಯದು ತಪ್ಪಿತು. ತಪ್ಪಿದ ಆ ಎಸೆತದ ರಿಬೌಂಡನ್ನು ಎತ್ತರದವರ ಗುಂಪಿನ ನಡುವಿನಿಂದ ಹಿಡಿದವರು ಸ್ವತಃ ಹ್ಯಾಲಿಬರ್ಟನ್. ಅವರು ಚೆಂಡನ್ನು ಮೂರು ಅಂಕದ ಗೆರೆಯ ಆಚೆಗೆ ತಂದು, ಹಿಂದಕ್ಕೆ ಹೆಜ್ಜೆಯಿಟ್ಟು ಎಸೆದಾಗ ಗಡಿಯಾರದಲ್ಲಿ 1.1 ಸೆಕೆಂಡ್ ಉಳಿದಿತ್ತು. ಪೇಸರ್ಸ್ 120–119ರಿಂದ ಗೆದ್ದಿತು. ಇಡೀ ಪಂದ್ಯದ ಅತ್ಯಂತ ಬೆಲೆಯುಳ್ಳ ರಿಬೌಂಡ್ ಪಾಯಿಂಟ್ ಗಾರ್ಡ್‌ನ ಹೆಸರಿನಲ್ಲಿ ಬರೆಯಲ್ಪಟ್ಟಿತು. ಇಂಥ ಒಂದು ಘಟನೆಯಿಂದ ಸಿದ್ಧಾಂತ ಕಟ್ಟಲಾಗದು, ಆದರೆ ರಿಬೌಂಡ್ ಎಂಬುದು ಒಂದು ಸ್ಥಾನಕ್ಕೆ ಮೀಸಲಾದ ಆಸ್ತಿಯಲ್ಲ ಎಂಬ ಮಾತಿಗೆ ಇದು ತಕ್ಕ ನಿದರ್ಶನ.

ಸ್ಯಾಕ್ರಮೆಂಟೊ ಕಡೆಯ ಲೆಕ್ಕ

ವಿನಿಮಯ ನಡೆದ ದಿನ ಟೀಕೆಯ ಸುರಿಮಳೆ ಬಿದ್ದದ್ದು ಕಿಂಗ್ಸ್ ಮೇಲೆ. ಇಷ್ಟು ಎಳೆಯ, ಇಷ್ಟು ಭರವಸೆಯ ಗಾರ್ಡ್‌ನನ್ನು ಯಾರಾದರೂ ಕೊಡುತ್ತಾರೆಯೇ ಎಂದು ಕೇಳದವರಿಲ್ಲ. ಆದರೆ ಅವರ ಬಳಿ ಡಿ'ಆರನ್ ಫಾಕ್ಸ್ ಎಂಬ ಇನ್ನೊಬ್ಬ ಮಿಂಚಿನ ಗಾರ್ಡ್ ಇದ್ದರು. ಇಬ್ಬರಿಗೂ ಚೆಂಡು ಬೇಕಿತ್ತು. ಇಂಡಿಯಾನಾದಲ್ಲಿ ಸೆಂಟರ್ ಸ್ಥಾನದಲ್ಲಿದ್ದ ಇಕ್ಕಟ್ಟೇ ಇಲ್ಲಿ ಗಾರ್ಡ್ ಸ್ಥಾನದಲ್ಲಿತ್ತು. ಜನರಲ್ ಮ್ಯಾನೇಜರ್ ಮಾಂಟಿ ಮೆಕ್‌ನೇರ್ ತಮ್ಮ ಹೆಚ್ಚುವರಿಯನ್ನು ಕೊಟ್ಟು ಕೊರತೆಯನ್ನು ತುಂಬಿಸಿಕೊಂಡರು.

2022–23ರಲ್ಲಿ ಹೊಸ ಕೋಚ್ ಮೈಕ್ ಬ್ರೌನ್ ದಾಳಿಯನ್ನು ಸಬೋನಿಸ್ ಸುತ್ತಲೇ ಕಟ್ಟಿದರು. ಮೂರು ಅಂಕದ ಎಸೆತಗಾರರಾದ ಕೆವಿನ್ ಹ್ಯುರ್ಟರ್ ಮತ್ತು ಕೀಗನ್ ಮರ್ರಿ ಸಬೋನಿಸ್ ಕೈಯಿಂದ ಚೆಂಡು ಪಡೆದು ಅವರ ಸ್ಕ್ರೀನ್‌ನ ಮರೆಯಿಂದಲೇ ಎಸೆಯುತ್ತಿದ್ದರು. ಸಬೋನಿಸ್ ಬಲಗೈ ಹೆಬ್ಬೆರಳಿನ ಮೂಳೆ ಮುರಿತವನ್ನು ಲೆಕ್ಕಿಸದೆ ಆಡಿ, 12.3 ರಿಬೌಂಡ್ ಸರಾಸರಿಯೊಂದಿಗೆ ಲೀಗಿನ ಮೊದಲಿಗರಾದರು, ಜೊತೆಗೆ 19.1 ಅಂಕ, 7.3 ಅಸಿಸ್ಟ್. ಕಿಂಗ್ಸ್ 48–34ರೊಂದಿಗೆ ಪಶ್ಚಿಮ ವಲಯದಲ್ಲಿ ಮೂರನೆಯದಾಗಿ, 16 ಋತುಗಳ ನಂತರ ಪ್ಲೇಆಫ್ ತಲುಪಿತು. ಎನ್‌ಬಿಎ ಇತಿಹಾಸದಲ್ಲಿ ಯಾವ ತಂಡವೂ ಅಷ್ಟು ದೀರ್ಘ ಕಾಲ ಪ್ಲೇಆಫ್‌ನಿಂದ ದೂರ ಉಳಿದಿರಲಿಲ್ಲ. ಆ ಊರಿನ ಜನರ ಸಂಭ್ರಮವನ್ನು ನೆನೆದರೆ ಕಿಂಗ್ಸ್ ಮೋಸಹೋಯಿತು ಎಂಬ ಮಾತನ್ನು ಒಪ್ಪಲು ಮನಸ್ಸು ಬರುವುದಿಲ್ಲ.

ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು ಗೋಲ್ಡನ್ ಸ್ಟೇಟ್ ವಾರಿಯರ್ಸ್, ಮತ್ತು ರಿಬೌಂಡ್ ಕುರಿತ ನಮ್ಮ ಪ್ರಶ್ನೆಗೆ ಆ ಸರಣಿ ತೀಕ್ಷ್ಣವಾದ ಉತ್ತರ ಕೊಡುತ್ತದೆ. ಸಬೋನಿಸ್ ದೂರದಿಂದ ಎಸೆಯಲು ಹಿಂಜರಿಯುತ್ತಾರೆಂದು ತಿಳಿದ ವಾರಿಯರ್ಸ್ ಅವರನ್ನು ಹೊರಗೆ ಬಿಟ್ಟು, ರಿಂಗ್ ಹತ್ತಿರವೇ ಕಾದು ನಿಂತರು. ಕೈಗೆ ಕೈ ಚೆಂಡು ದಾಟಿಸುವ ಆಟಕ್ಕೆ ಅದರಿಂದ ಕಡಿವಾಣ ಬಿತ್ತು. ರಿಬೌಂಡಿಂಗ್‌ನಲ್ಲೂ ಸರಣಿಯ ನಾಯಕರಾದವರು ಲೀಗಿನ ಮೊದಲಿಗರಲ್ಲ, ವಾರಿಯರ್ಸ್ ಸೆಂಟರ್ ಕೆವೊನ್ ಲೂನಿ. ಆ ಸರಣಿಯ ಮೂರು ಪಂದ್ಯಗಳಲ್ಲಿ ಅವರು 20 ಅಥವಾ ಅದಕ್ಕಿಂತ ಹೆಚ್ಚು ರಿಬೌಂಡ್ ಹಿಡಿದರು. ಸ್ಯಾಕ್ರಮೆಂಟೊದಲ್ಲಿ ನಡೆದ ಏಳನೇ ಪಂದ್ಯದಲ್ಲಿ 21. ಅದೇ ಪಂದ್ಯದಲ್ಲಿ ಸ್ಟೀಫನ್ ಕರಿ 50 ಅಂಕ ಗಳಿಸಿದರು ಎಂಬುದು ಎಲ್ಲರಿಗೂ ನೆನಪಿದೆ, ಲೂನಿ ಹಿಡಿದು ಹಿಂದಿರುಗಿಸಿದ ಚೆಂಡುಗಳು ಅಷ್ಟು ನೆನಪಿಲ್ಲ. ನಿತ್ಯದ ಪಂದ್ಯಗಳಲ್ಲಿ ಚೆಂಡನ್ನು ತನ್ನತ್ತ ಸೆಳೆಯುವ ಅಭ್ಯಾಸವೇ ಬೇರೆ, ಒಬ್ಬನೇ ಎದುರಾಳಿ ಏಳು ಪಂದ್ಯ ಸತತವಾಗಿ ಮೈಗೆ ಮೈ ತಾಗಿಸಿ ನಿಂತಾಗ ಗೆಲ್ಲುವ ರಿಬೌಂಡೇ ಬೇರೆ.

2023–24ರಲ್ಲಿ ಸಬೋನಿಸ್ ಅವರ ಸರಾಸರಿ 13.7 ರಿಬೌಂಡ್‌ಗೆ ಏರಿತು. ಸತತ 61 ಪಂದ್ಯಗಳಲ್ಲಿ ಡಬಲ್ ಡಬಲ್ ಗಳಿಸಿ, 1976ರಿಂದೀಚಿನ ಅವಧಿಯಲ್ಲಿ ಕೆವಿನ್ ಲವ್ ಹೊಂದಿದ್ದ 53 ಪಂದ್ಯಗಳ ದಾಖಲೆಯನ್ನು ಅವರು ಹಿಂದೆ ಹಾಕಿದರು. ತಂಡ 46 ಪಂದ್ಯ ಗೆದ್ದರೂ ಪ್ಲೇಆಫ್ ಬಾಗಿಲಲ್ಲೇ ನಿಂತಿತು. 2024–25ರಲ್ಲಿ ಅವರ ಸರಾಸರಿ 13.9, ತಂಡ 40–42. ಕೋಚ್ ಬ್ರೌನ್ ಋತುವಿನ ನಡುವೆಯೇ ಕೆಲಸ ಕಳೆದುಕೊಂಡರು, ಫಾಕ್ಸ್ ಸ್ಯಾನ್ ಆಂಟೋನಿಯೊಗೆ ಹೋದರು. ಮೂರು ವರ್ಷ ಸಬೋನಿಸ್ ರಿಬೌಂಡ್ ಏರಿದಂತೆಲ್ಲ ತಂಡದ ಗೆಲುವು ಇಳಿದದ್ದಕ್ಕೆ ಅವರನ್ನು ದೂರುವುದು ಅನ್ಯಾಯ. ಕಾರಣಗಳು ಬೇರೆ ಹಲವಿದ್ದವು. ಆದರೆ ಒಬ್ಬ ಆಟಗಾರನ ರಿಬೌಂಡ್ ಸರಾಸರಿಯನ್ನು ನೋಡಿ ಆ ತಂಡದ ಆರೋಗ್ಯವನ್ನು ಊಹಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಮೂರು ಸಾಲುಗಳೇ ಸಾಕು.

ಇದೇ ಕೆಲಸ ಕೆಟ್ಟದ್ದು: ಫಿಲಡೆಲ್ಫಿಯಾ, 1986

ಇಂಡಿಯಾನಾದ ಫಲಿತಾಂಶವನ್ನು ಸಾಮಾನ್ಯ ನಿಯಮವೆಂದು ಭಾವಿಸದಿರಲು ಒಂದು ಹಳೆಯ ಪ್ರಕರಣವನ್ನು ಪಕ್ಕದಲ್ಲಿಡುವುದು ಒಳಿತು. 1986ರ ಜೂನ್ 16ರಂದು ಫಿಲಡೆಲ್ಫಿಯಾ 76ಅರ್ಸ್ ತಂಡವು ತನ್ನ ಕಾಲದ ಅತ್ಯುನ್ನತ ರಿಬೌಂಡರ್ ಮೋಸೆಸ್ ಮಲೋನ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟು ಜೆಫ್ ರೂಲಂಡ್ ಮತ್ತು ಕ್ಲಿಫ್ ರಾಬಿನ್ಸನ್ ಅವರನ್ನು ತಂದಿತು. ಅದೇ ದಿನ ಡ್ರಾಫ್ಟ್‌ನ ಮೊದಲ ಆಯ್ಕೆಯನ್ನೂ ಕ್ಲೀವ್‌ಲ್ಯಾಂಡ್‌ಗೆ ಬಿಟ್ಟುಕೊಟ್ಟಿತು. ಆ ಆಯ್ಕೆಯಲ್ಲಿ ಹೋದವರು ಬ್ರಾಡ್ ಡಾರ್ಟಿ.

ಮಲೋನ್ ಹೋದ ನಂತರ ಅವರ ರಿಬೌಂಡ್‌ಗಳು ಎಲ್ಲಿ ಹೋದವು? ಅದೇ ತಂಡದ ಚಾರ್ಲ್ಸ್ ಬಾರ್ಕ್ಲಿ 1986–87ರಲ್ಲಿ ಪಂದ್ಯಕ್ಕೆ 14.6 ರಿಬೌಂಡ್ ಹಿಡಿದು ಇಡೀ ಲೀಗಿಗೆ ಮೊದಲಿಗರಾದರು. ರಿಬೌಂಡ್ ಮಟ್ಟಿಗೆ ಫಿಲಡೆಲ್ಫಿಯಾದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬದಲಿಗೆ ಬಂದ ರೂಲಂಡ್ ಗಾಯಗಳಿಂದ ಬಳಲಿ ಆ ಋತುವಿನಲ್ಲಿ ಐದೇ ಪಂದ್ಯ ಆಡಿದರು. ಹಿಂದಿನ ವರ್ಷ 54 ಪಂದ್ಯ ಗೆದ್ದಿದ್ದ ತಂಡ 45ಕ್ಕೆ ಇಳಿಯಿತು. ರಿಬೌಂಡರ್‌ನನ್ನು ಕೊಟ್ಟದ್ದರಿಂದಲ್ಲ, ಅವನ ಬದಲಿಗೆ ತಂಡಕ್ಕೆ ಇಲ್ಲದಿದ್ದ ಯಾವ ಸಾಮರ್ಥ್ಯವನ್ನೂ ತರದೆ ಅದೇ ಜಾತಿಯ, ಅದೂ ಮೈ ಜಖಂಗೊಂಡ ಇನ್ನೊಬ್ಬ ದೊಡ್ಡಾಳನ್ನು ತಂದದ್ದರಿಂದ ಆ ವಿನಿಮಯ ಸೋತಿತು. ಇಂಡಿಯಾನಾ ತಂದದ್ದು ಬೇರೆಯೇ ಸ್ಥಾನದ, ಬೇರೆಯೇ ವಯಸ್ಸಿನ, ಬೇರೆಯೇ ಕೆಲಸದ ಆಟಗಾರನನ್ನು.

ಟರ್ನರ್ ಅವರನ್ನು ಕೊಟ್ಟಿದ್ದರೆ?

2022ಕ್ಕೂ ಮೊದಲಿನ ಒಂದೆರಡು ವರ್ಷ ವಿನಿಮಯದ ಮಾತು ಬಂದಾಗಲೆಲ್ಲ ಹೆಚ್ಚಾಗಿ ಕೇಳಿಬರುತ್ತಿದ್ದ ಹೆಸರು ಸಬೋನಿಸ್ ಅಲ್ಲ, ಟರ್ನರ್. ಸಂಖ್ಯೆಗಳನ್ನು ಮಾತ್ರ ನೋಡುವವರಿಗೆ ಅದೇ ಸರಿ ಎನ್ನಿಸುತ್ತಿತ್ತು: ಅಂಕ, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಹಿಂದಿರುವವನನ್ನು ಕೊಟ್ಟು ಮುಂದಿರುವವನನ್ನು ಉಳಿಸಿಕೊಳ್ಳಬೇಕು. ಇಂಡಿಯಾನಾ ಹಾಗೆ ಮಾಡಿದ್ದರೆ ಇಕ್ಕಟ್ಟೇನೋ ತೀರುತ್ತಿತ್ತು, ತಂಡದ ರಿಬೌಂಡಿಂಗ್ ಕೂಡ ಚೆನ್ನಾಗಿರುತ್ತಿತ್ತು. ಆದರೆ ಟರ್ನರ್ ಅವರಿಗೆ ಬದಲಾಗಿ ಹ್ಯಾಲಿಬರ್ಟನ್ ಅವರಂಥವರನ್ನು ಯಾವ ತಂಡವೂ ಕೊಡುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆಯಿದ್ದದ್ದು ಆ 12 ರಿಬೌಂಡ್‌ಗಳಿಗೆ, ಆ ಎರಡು ಆಲ್‌ಸ್ಟಾರ್ ಆಯ್ಕೆಗಳಿಗೆ. ತನಗೆ ಅಷ್ಟಾಗಿ ಒದಗದಿದ್ದ, ಆದರೆ ಇತರರು ಹೆಚ್ಚು ಬೆಲೆ ಕಟ್ಟುತ್ತಿದ್ದ ಗುಣವನ್ನು ಇಂಡಿಯಾನಾ ಮಾರಿತು. ಬೇರೆಯವರಿಗೆ ಕಡಿಮೆ ಕಾಣುತ್ತಿದ್ದ, ಆದರೆ ಹೊಸ ಆಟಕ್ಕೆ ಬೇಕೇ ಬೇಕಾಗಿದ್ದ ದೂರದ ಎಸೆತ ಮತ್ತು ರಿಂಗ್ ಕಾವಲನ್ನು ಉಳಿಸಿಕೊಂಡಿತು. ಈ ಇಡೀ ಪ್ರಕರಣದಲ್ಲಿ ನನ್ನ ಮೆಚ್ಚುಗೆಗೆ ಹೆಚ್ಚು ಪಾತ್ರವಾಗಿರುವ ನಿರ್ಧಾರ ಇದು.

ಆ ಉಳಿಕೆಗೂ ಒಂದು ಅವಧಿಯಿತ್ತು. 2025ರ ಜೂನ್ 22ರಂದು ಫೈನಲ್‌ನ ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಹ್ಯಾಲಿಬರ್ಟನ್ ಅವರ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ಪೇಸರ್ಸ್ 103–91ರಿಂದ ಸೋತಿತು. ಮರುತಿಂಗಳು ಟರ್ನರ್ ತಂಡ ಬಿಟ್ಟು ಮಿಲ್ವಾಕಿ ಬಕ್ಸ್ ಸೇರಿದರು. ಹತ್ತು ವರ್ಷಗಳ ನಂತರ ಇಂಡಿಯಾನಾ ಮತ್ತೆ ಒಬ್ಬ ಸೆಂಟರ್‌ಗಾಗಿ ಹುಡುಕಬೇಕಾಯಿತು, ಮತ್ತು ಈ ಬಾರಿ ಆ ಹುಡುಕಾಟದ ಮಾನದಂಡ ಹ್ಯಾಲಿಬರ್ಟನ್ ಜೊತೆ ಓಡಬಲ್ಲವನು ಯಾರು ಎಂಬುದಾಗಿತ್ತು.